ಹಳೇ ಕೀಲಿಯ ಸೆಟ್ಟು

ಶುಕ್ರವಾರ, ರಾತ್ರಿ ಎರಡೂಕಾಲು

ರೀ,

ತಮ್ಮನ ಫೋನು ಹೊಡೆದುಕೊಂಡ ಸದ್ದಿಗೆ ಎಚ್ಚರವಾಯಿತು. ಮಗುವಿನ ಬಟ್ಟೆಗಳ ಕೆಳಗಿತ್ತು. ಸಂಜೆ ಬಂದವನು ಮರೆತು ಹೋಗಿದ್ದಾನೆ. ನಿಮ್ಮ ಕಾಗದಕ್ಕೆ ಉತ್ತರ ಬರೆಯದವಳು ಹೊತ್ತಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗುವಿಗೇನೂ ಆಗಿಲ್ಲ. ನಿದ್ದೆಯಿಲ್ಲದಿರುವುದು ನನಗೆ ಮಾತ್ರ.

ಫೋನ್ ಮಾಡಿದ್ದು ಅವನ ಪೊಲೀಸ್ ಠಾಣೆಯವರು. ಗೋದಾಮುಗಳ ಕಡೆ ಒಬ್ಬನೇ ಗಸ್ತಿಗೆ ಹೋದವನು ವೈರ್‌ಲೆಸ್ಸಿನಲ್ಲಿ ಉತ್ತರ ಕೊಡುತ್ತಿಲ್ಲವಂತೆ, ಅಕ್ಕನ ಮನೆಯಲ್ಲಿ ಮಲಗಿದ್ದಾನಾ ಅಂತ ಕೇಳಿದರು. ಇಲ್ಲಿಲ್ಲ ಅಂದೆ.

ಸಂಜೆ ಅವನು ಬಂದಾಗ ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಅವನ ಸೊಂಟದಲ್ಲಿದ್ದ, ನೀವು ಮಾಡಿದ ಹೊಸ ವೈರ್‌ಲೆಸ್ ಸೆಟ್ಟು ಗೊರಗುಟ್ಟಿತು. "ಇದೂ ಭಾವನ ಹಾಗೇ ಕಣಕ್ಕಾ, ಯಾರೂ ಕೇಳದಿದ್ರೂ ಗೊಣಗ್ತಾನೇ ಇರುತ್ತೆ" ಅಂತ ಆರಿಸಿಬಿಟ್ಟ. ಮತ್ತೆ ಆನ್ ಮಾಡಿದ್ದು ಹೊರಡುವಾಗಲೇ, ಏಳರ ಮೇಲೆ.

ದಿನಾ ಸಂಜೆ ಏಳಕ್ಕೆ ಎಲ್ಲ ಸೆಟ್ಟುಗಳಲ್ಲಿ ಮಾತನ್ನು ಮರೆಮಾಡುವ ಗುಪ್ತ ಕೀಲಿ ಬದಲಾಗುತ್ತದೆ, ಕಳ್ಳರು ಕದ್ದು ಕೇಳಬಾರದಲ್ಲ. ಆ ಗಳಿಗೆಯಲ್ಲಿ ಆರಿದ್ದ ಸೆಟ್ಟಿಗೆ ಹಳೇ ಕೀಲಿಯೇ ಉಳಿಯುತ್ತದೆ, ಆಮೇಲೆ ಅದರ ಮಾತು ಯಾರಿಗೂ ಅರ್ಥವಾಗುವುದಿಲ್ಲ ಅಂತ ನೀವೇ ಹೇಳಿದ್ದಿರಿ. ಆ ದೋಷ ಸರಿಮಾಡುವವರೆಗೆ ಯಾರ ಹತ್ತಿರವೂ ಬಾಯಿಬಿಡಬೇಡ ಅಂತಲೂ ಅಂದಿದ್ದಿರಿ. ಮಗು ಏಳದಿದ್ದರೆ ಸಾಕು ಅಂತಿದ್ದ ನನಗೆ ಆಗ ಹೊಳೆಯಲೇ ಇಲ್ಲ.

ನಿಮ್ಮ ಸೆಟ್ಟಿನಲ್ಲಿ ಏನೂ ಕೇಳಿಸುತ್ತಿಲ್ಲವಾ ಅಂತ ಠಾಣೆಯವರನ್ನು ವಿಚಾರಿಸಿದೆ. "ಆಗಾಗ ಬರೀ ಗೊರಗೊರ ಬರ್ತಿದೆಯಮ್ಮಾ. ಅವನೆಲ್ಲೋ ಗೊರಕೆ ಹೊಡೀತಿರ್ತಾನೆ, ಬೆಳಿಗ್ಗೆ ನೋಡೋಣ" ಅಂದರು. ಆ ಗೊರಗೊರವೇ ನನ್ನ ತಮ್ಮ, ರೀ. ಅವನು ಕೂಗುತ್ತಿದ್ದಾನೆ. ಯಾಕೆ ಕೂಗುತ್ತಿದ್ದಾನೋ ಯೋಚಿಸಲು ಧೈರ್ಯವಿಲ್ಲ.

ಕಂಟ್ರೋಲ್ ರೂಮಿನ ಸೆಟ್ಟಿಗೆ ಹಳೇ ಕೀಲಿ ಹಾಕಿದರೆ ಅವನ ಮಾತು ತಿಳಿಯುತ್ತದೆ. ಅದಿರುವುದು ನಿಮ್ಮೊಬ್ಬರ ಹತ್ತಿರ. ನಿಮ್ಮ ಲ್ಯಾಬಿನ ಗೇಟಿನವರು ಹೆಂಡತಿಯ ಫೋನನ್ನು ಒಳಗೆ ಕೊಡುವುದಿಲ್ಲ, ಕಾಗದವಾದರೆ ತಲುಪಿಸುತ್ತಾರಂತೆ. ಎದುರುಮನೆ ಟ್ಯಾಕ್ಸಿಯವರನ್ನು ಎಬ್ಬಿಸಿದ್ದೇನೆ, ಪಾಪ, ಚಪ್ಪಲಿ ಕೂಡ ಹಾಕದೆ ಬಾಗಿಲಲ್ಲಿ ನಿಂತಿದ್ದಾರೆ.

ದೇವರು ನಿಮ್ಮನ್ನೂ ಅವನನ್ನೂ ಕಾಯಲಿ.

ನಿಮ್ಮವಳು

ತಾ.ಕ.: ನೀವು ಹೇಳಬೇಡವೆಂದದ್ದನ್ನು ಠಾಣೆಯವರಿಗೆ ಹೇಳಿಬಿಟ್ಟೆ. ನಂಬಲಿಲ್ಲ. "ಸೆಟ್ಟಿನಲ್ಲಿ ಒಂದು ದೋಷವೂ ಇಲ್ಲ ಅಂತ ಮೊನ್ನೆ ನಿಮ್ಮ ಯಜಮಾನ್ರೇ ನಮ್ಮೆಲ್ಲರ ಎದುರು ನಿಂತು ಹೇಳಿದ್ರಲ್ಲ" ಅಂದರು. ನನ್ನ ತಮ್ಮನೂ ಅಲ್ಲಿದ್ದನಂತೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದನಂತೆ. ಅದು ಸುಳ್ಳು ಅಂತ ನೀವು ಹೇಳಿದರೆ ಮಾತ್ರ ನಂಬುತ್ತಾರೆ. ಕೆಲಸ ಹೋದರೆ ಹೋಗಲಿ, ಹೇಗೋ ಬದುಕೋಣ. ಬೆಳಗಾಗುವುದರೊಳಗೆ ಅವರಿಗೊಂದು ಫೋನ್ ಮಾಡಿ, ರೀ. ನನಗೆ ಆಮೇಲೆ ಮಾಡಿದರೂ ಆಯಿತು, ಮೊದಲು ಅವರಿಗೆ ಮಾಡಿ.