ನಡುಮನೆಯಿಂದ ಅಡುಗೆಮನೆಗೆ

ಮಳವಳ್ಳಿ
12 ಫೆಬ್ರವರಿ 2025, ಬುಧವಾರ

ನಾಗು,

ಕೋಪ ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೋ. ಇದನ್ನು ಹೇಳಲು ನಿನ್ನೆಯಿಂದ ಮೂರು ಸಲ ಫೋನ್ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆಂದು ಹೆದರಿ ಬರೆಯುತ್ತಿದ್ದೇನೆ.

ಭಾನುವಾರ ನಿಮ್ಮ ಮನೆಯಲ್ಲಿ ನಿನ್ನ ಕಂಪ್ಯೂಟರ್ ಆಟ ನೋಡಿ, ಇದು ಸರಿಹೋಗುವುದಿಲ್ಲ, ಎಲ್ಲ ಅಳಿಸಿ ಮೊದಲಿಂದ ಬರೆಯಬೇಕು, ಮಂಡ್ಯದ ಪ್ರದರ್ಶನದಿಂದ ಹೆಸರು ವಾಪಸು ತೆಗೆದುಕೋ ಎಂದೆನಲ್ಲ, ಅದು ಸುಳ್ಳು. ತಪ್ಪು ಎಲ್ಲಿದೆಯೆಂದು ನನಗೆ ಐದೇ ನಿಮಿಷದಲ್ಲಿ ತಿಳಿದಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನಾವಿಬ್ಬರೂ ಶುರು ಮಾಡಿದ ಆಟ ಅದು. ಕಳೆದುಹೋದ ಮೇಕೆಮರಿಯನ್ನು ಹಳೇ ಮನೆಯ ಕೋಣೆ ಕೋಣೆಯಲ್ಲೂ ಹುಡುಕುವ ಹುಡುಗಿ. ಚಿತ್ರ ನಿನ್ನದು, ಕೋಡ್ ನನ್ನದು. ನಾನು ಇಲ್ಲಿಗೆ ಕಂಪ್ಯೂಟರ್ ಟೀಚರಾಗಿ ಬಂದ ಮೇಲೆ ಅದು ನಿಂತುಹೋಯಿತೆಂದುಕೊಂಡಿದ್ದೆ. ನೀನು ಕೊಪ್ಪದಲ್ಲೇ ಕೂತು ಕೋಡ್ ಕಲಿತೆ. ನಿಮ್ಮ ಬೀದಿಯ ಅರ್ಪಿತಳನ್ನು ಸೇರಿಸಿಕೊಂಡು ಹನ್ನೆರಡು ಕೋಣೆ ಕಟ್ಟಿದೆ. ಭಾನುವಾರ ಅವಳು ನಿನಗೆ ಅಂಟಿಕೊಂಡು ಕೂತಿದ್ದಳು. ಇಬ್ಬರೂ ಯಾವುದಕ್ಕೋ ನಕ್ಕಿರಿ. ಏನೆಂದು ನನಗೆ ಹೇಳಲಿಲ್ಲ. ಆಟ ತೆರೆದರೆ ಅವಳ ಹೆಸರು ನಿನ್ನ ಪಕ್ಕ. ನನ್ನದು ಕೆಳಗೆ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆಗಳ ಸಾಲಿನಲ್ಲಿ. ಹೊಟ್ಟೆ ಉರಿದುಹೋಯಿತು ಕಣೆ.

"ಹುಡ್ಗಿ ಅಡ್ಗೆಮನೆಗೆ ಕಾಲಿಟ್ರೆ ಸಾಕು, ಮತ್ತೆ ನಡುಮನೆಗೆ ಬಂದ್ಬುಡ್ತಾಳೆ. ನೀನೇ ನೋಡ್ಬುಡು ಶೋಭಿ" ಎಂದು ನೀನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದೆ. ನಾನು ದೊಡ್ಡ ತಜ್ಞಳಂತೆ ತಲೆಯಾಡಿಸಿದೆ. ಬಾಗಿಲಿನ ಕೋಡನ್ನು ಅರ್ಪಿತ ಕೆಡಿಸಿದ್ದಾಳೆ ಎಂದೂ ಸೇರಿಸಿದೆ. ಅವಳ ಮುಖ ಸಣ್ಣಗಾದದ್ದು ಕಂಡು, ನಿಜ ಹೇಳುತ್ತೇನೆ, ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ ಖುಷಿಯಾಗಿದ್ದೆ.

ನಿನ್ನೆ ಬೆಳಿಗ್ಗೆ ನಿಮ್ಮಮ್ಮ ಫೋನ್ ಮಾಡಿದ್ದರು. ನೀನು ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಅರ್ಪಿತ ಇನ್ನೊಂದು ಸಲ ನೋಡೋಣವೆಂದರೂ ಒಪ್ಪಲಿಲ್ಲವಂತೆ. "ಶೋಭಿನೇ ಆಗಲ್ಲ ಅಂದ್ಮೇಲೆ ಮುಗೀತು ಅಂತವ್ಳೆ ಕಣಮ್ಮ" ಎಂದರು. ಆಮೇಲೆ ಕ್ಲಾಸಿನಲ್ಲಿ ನಿಂತು ನನಗೆ ಪಾಠ ಮಾಡಲಾಗಲಿಲ್ಲ.

ಈಗ ಕೇಳು. ಹುಡುಗಿ ಅಡುಗೆಮನೆಗೆ ಬಂದಾಗ ಸರಿಯಾಗಿ ಬಾಗಿಲ ಮೇಲೇ ನಿಲ್ಲುತ್ತಾಳೆ. ಬಾಗಿಲು ತಾಗಿದರೆ ಕೋಣೆ ಬದಲಾಗಬೇಕೆಂದು ಬರೆದಿದೆಯಲ್ಲ, ಹಾಗಾಗಿ ಮರುಕ್ಷಣವೇ ವಾಪಸು ಹೋಗುತ್ತಾಳೆ. ಅವಳು ನಿಲ್ಲುವ ಜಾಗವನ್ನು ಎರಡು ಹೆಜ್ಜೆ ಒಳಗೆ ತಳ್ಳು, ಸಾಕು. ಹನ್ನೆರಡು ಕೋಣೆಗೂ ಹೀಗೇ ಮಾಡು. ನೀನು ತೋರಿಸಿದ ಇನ್ನೊಂದು ತಪ್ಪು, ಹುಡುಗಿ ನಡುಮನೆಯ ಗೋಡೆಯ ಗೂಡಿನಿಂದ ಎತ್ತಿಕೊಂಡ ಬೀಗದ ಕೈ ಮತ್ತೆ ಅಲ್ಲೇ ಕಾಣುವುದು. ಅದಕ್ಕೆ ಕಾರಣ, 'ಇನ್ನೂ ಸಿಕ್ಕಿಲ್ಲ' ಎಂಬ ಸಾಲು ನಡುಮನೆಯ ಕೋಡಿನೊಳಗಿದೆ. ಕೋಣೆ ತೆರೆದಾಗಲೆಲ್ಲ ಅದು ಮೊದಲಿನಂತಾಗುತ್ತದೆ. ಆ ಸಾಲನ್ನು ತೆಗೆದು, ಆಟ ಶುರುವಾಗುವಾಗ ಒಂದೇ ಸಲ ಓಡುವ ಕಡೆ ಹಾಕು.

ಪ್ರದರ್ಶನಕ್ಕೆ ಇನ್ನೂ ಹತ್ತು ದಿನವಿದೆ. ಹೆಸರು ವಾಪಸು ತೆಗೆಯಬೇಡ. ನಾನು ಬರುವುದು ಬೇಡವೆಂದರೆ ಬರುವುದಿಲ್ಲ. ಅರ್ಪಿತಳ ಹೆಸರು ಇರುವಲ್ಲೇ ಇರಲಿ. ಇಷ್ಟು ಬರೆಯುವಾಗಲೂ ಕೈ ತಡೆಯಿತು, ಆದರೂ ಬರೆದಿದ್ದೇನೆ.

ನಿನ್ನ
ಶೋಭಿತಾ

ಪುನಶ್ಚ: ಬಾಗಿಲಿನ ಆ ಸಾಲುಗಳು ಅರ್ಪಿತಳವಲ್ಲ, ನಿನ್ನವೂ ಅಲ್ಲ. ಎರಡು ವರ್ಷದ ಹಿಂದೆ ನಾನೇ ಬರೆದವು, ಆಮೇಲೆ ಒಂದಕ್ಷರವೂ ಬದಲಾಗಿಲ್ಲ. ಕೋಡಿನಲ್ಲೇ ಅವುಗಳ ಮೇಲೆ ನೀನು 'ಇದು ಶೋಭಿ ಬರೆದದ್ದು, ಯಾರೂ ಮುಟ್ಟಬಾರದು' ಎಂದು ಬರೆದಿಟ್ಟಿದ್ದೆ. ಭಾನುವಾರ ಅದನ್ನು ಓದಿದ ಮೇಲೇ ನಾನು ಅರ್ಪಿತಳ ಹೆಸರು ಹೇಳಿದ್ದು.