ಹಾಲಿನ ಮರದ ಚೀಟಿ

ತಾರೀಕು ಹದಿನಾಲ್ಕು, ಭಾನುವಾರ

ಯಜಮಾನರಿಗೆ ನಮಸ್ಕಾರ.

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಬೇಕು. ಕ್ಷೇಮವಾಗಿಲ್ಲ, ಆದರೆ ಗಟ್ಟಿಯಾಗಿದ್ದೇನೆ. ಕೋಪ ಬಂದರೆ ಬರಲಿ, ಈ ಕಾಗದವನ್ನು ಅರ್ಧಕ್ಕೆ ಮಡಿಸಿಡಬೇಡಿ.

ನಮ್ಮ ಒಣಗಿಡದ ಸಂಗ್ರಹಕ್ಕೆ ಹೊಸ ಮೇಡಂ ಬಂದಿದ್ದಾರೆ. ಊರಿನ ಮರಗಳನ್ನೆಲ್ಲ ಕುಟುಂಬವಾರು ಪಟ್ಟಿ ಮಾಡಿ ಅಚ್ಚು ಹಾಕಿಸುತ್ತಾರಂತೆ. ಕಳೆದ ತಿಂಗಳು ಹಳೆಯ ಫೈಲು ತಿರುವುತ್ತಾ, “ಈ ಕೊಂಬೆ ತರ್ತಿದ್ದವನ ಟಿಪ್ಪಣಿ ನಂಬೋ ಹಾಗಿಲ್ಲ ಅಂತ ಬರ್ದಿದೆ. ಇವನ ಇನ್ನೂರ ಹನ್ನೆರಡು ಹಾಳೆ ಬಿಟ್ಟುಬಿಡೋಣ” ಅಂದರು. ಅದು ನೀವು. ನಾನು ಪಕ್ಕದ ಮೇಜಿನಲ್ಲಿ ಒಣಗಿದ ಎಲೆ-ಕೊಂಬೆಯನ್ನು ಹಾಳೆಗೆ ಅಂಟಿಸುತ್ತಿದ್ದೆ. ಕೈ ಅಂಟಿನಲ್ಲೇ ನಿಂತುಬಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು.

ಒಂಬತ್ತು ವರ್ಷದ ಹಿಂದಿನ ಆ ಬೆಳಗನ್ನು ನೀವು ಮರೆತಿರಲಾರಿರಿ. ಚೀಟಿಯಲ್ಲಿ ನಿಮ್ಮ ಕೈಬರಹ: “ಗಿರಣಿಯ ಹಿಂದೆ, ಕಾಲುವೆ ಗೇಟಿನಿಂದ ಮೂರನೇ ಮರ. ಎಲೆ ಮುರಿದರೆ ಬಿಳೀ ಹಾಲು.” ಹಾಳೆಯ ಮೇಲೆ ನೋಡಿದರೆ ಕಾಫಿ ಕುಟುಂಬದ ಕೊಂಬೆ, ಅದರಲ್ಲಿ ಹಾಲು ಬರುವುದೇ ಇಲ್ಲ. ದೊಡ್ಡ ಸಾಹೇಬರು ಎಲ್ಲರ ಎದುರು, “ಕಾಫಿ ಗಿಡದಿಂದಲೇ ಹಾಲು ಕರೆದವನು ನೀನೊಬ್ಬನೇ ಕಣಯ್ಯ!” ಅಂದರು. ಎಲ್ಲರೂ ನಕ್ಕರು. ನೀವು ಓಡಿಹೋಗಿ ಅದೇ ಮರದಿಂದ ಹೊಸ ಕೊಂಬೆ ತಂದಿರಿ. ಅದರಲ್ಲಿ ಹಾಲೇನೋ ಬಂತು, ಆದರೆ ಹಾಳೆಯ ಮೇಲಿನ ಕೊಂಬೆಗೆ ಹೊಂದಲಿಲ್ಲ, ಇನ್ನಷ್ಟು ಸಿಕ್ಕಿಬಿದ್ದಿರಿ. ನಿಮ್ಮ ಕೈಯಿಂದ ಕೊಂಬೆ ಕೊಯ್ಯುವ ದೋಟಿ ಕಿತ್ತುಕೊಂಡು ಆಫೀಸಿನ ಗೇಟು ಕಾಯಲು ಹಾಕಿದರು.

ಮೊದಮೊದಲು “ನಾನೇ ಕೊಯ್ದದ್ದು, ಕೈಗೆಲ್ಲ ಅಂಟಿತ್ತು” ಅನ್ನುತ್ತಿದ್ದಿರಿ. ಆಮೇಲೆ “ನಾನು ಯಾವ ಮರ ಹತ್ತಿದೆನೋ ಏನೋ” ಅನ್ನತೊಡಗಿದಿರಿ. ರಸ್ತೆಯಲ್ಲಿ ನಡೆಯುವಾಗ ತಲೆ ಎತ್ತುವುದನ್ನೇ ಬಿಟ್ಟಿರಿ. ಕೊನೆಗೆ ನನ್ನನ್ನೂ ಮಗಳನ್ನೂ ಬಿಟ್ಟು ಭಾವನವರ ಊರಿಗೆ ಹೋಗಿ, ಮರದ ಡಿಪೋದಲ್ಲಿ ಸತ್ತ ಮರ ಎಣಿಸುವ ಕೆಲಸ ಹಿಡಿದಿರಿ.

ತಪ್ಪು ನಿಮ್ಮದಲ್ಲ. ನನ್ನದು.

ಆ ಬೆಳಗಿಗೂ ಮೊದಲು, ನೀವು ಮೂರು ದಿನ ಮರ ಹತ್ತಿ ಸುಸ್ತಾಗಿ ಮನೆಯಲ್ಲಿ ಮಲಗಿದ್ದಿರಿ. ನಾನು ಆಫೀಸಿನಲ್ಲಿ, ನೀವು ತಂದ ಕೊಂಬೆಗಳನ್ನು ಒತ್ತಿಟ್ಟ ಹಲಗೆ ಬಿಚ್ಚಿ, ಒದ್ದೆಯಾದ ಪೇಪರು ತೆಗೆದು ಒಣಗಿದ್ದು ಹಾಕುತ್ತಿದ್ದೆ. ಎರಡು ಕಟ್ಟಿನ ಚೀಟಿಗಳು ಫ್ಯಾನಿನ ಗಾಳಿಗೆ ಹಾರಿ ಕೆಳಗೆ ಬಿದ್ದವು. ಚೀಟಿ ಬಿದ್ದರೆ ಕೊಂಬೆ ತಂದವರನ್ನು ಕೇಳದೆ ಮುಟ್ಟಬಾರದು ಎಂಬುದು ಅಲ್ಲಿಯ ಕಟ್ಟಳೆ. ನಿಮ್ಮನ್ನು ಎಬ್ಬಿಸಿ ಕೇಳುವುದೇನು ಎಂದು ಅಂದಾಜಿನ ಮೇಲೆ ಇಟ್ಟುಬಿಟ್ಟೆ. ಎರಡರಲ್ಲೂ ಎಲೆಗಳು ಎದುರುಬದುರು ಜೋಡಿ, ಎರಡೂ ದಪ್ಪ, ಎರಡೂ ಹೊಳಪು. ಒಣಗಿದ ಮೇಲೆ ಹಾಲಿನ ಗುರುತು ಎಲ್ಲಿರುತ್ತದೆ?

ಚೀಟಿಗಳು ಅದಲುಬದಲಾದದ್ದು ಈ ಸಲ ಹಾಳೆಗಳನ್ನು ಹೊರತೆಗೆದಾಗ ತಿಳಿಯಿತು. ನೀವೇ ಕಲಿಸಿದ್ದಿರಿ: ಹೂವಿಲ್ಲದಾಗಲೂ ಮರ ತನ್ನ ಮನೆತನ ಹೇಳುತ್ತದೆ, ಕೇಳುವ ತಾಳ್ಮೆ ಬೇಕು. ಎಲೆಯನ್ನು ಬೆಳಕಿಗೆ ಹಿಡಿದಾಗ ಚುಕ್ಕಿ ಕಂಡು, ಹಿಚುಕಿದರೆ ಘಮ್ಮೆಂದರೆ ನಿಂಬೆಯ ಮನೆತನ. ತೊಟ್ಟಿನ ಬುಡ ಮೊಣಕೈಯಂತೆ ಉಬ್ಬಿದ್ದರೆ ಹುಣಸೆಯ ಕಡೆಯವರು. ಎದುರುಬದುರು ಎಲೆಗಳ ತೊಟ್ಟುಗಳ ನಡುವೆ, ಕೊಂಬೆಗೆ ಅಂಟಿದಂತೆ ಚಿಕ್ಕ ಮುಕ್ಕೋನದ ಪೊರೆ ಇದ್ದರೆ ಕಾಫಿಯವರು. ಭೂತಗನ್ನಡಿ ಹಿಡಿದೆ. ಹಾಲು ಎಂದು ಬರೆದ ಹಾಳೆಯಲ್ಲಿ ಆ ಪೊರೆ ಇದೆ. “ಹಾಲಿಲ್ಲ” ಎಂದು ಬರೆದ ಇನ್ನೊಂದು ಹಾಳೆಯಲ್ಲಿ ಪೊರೆಯೇ ಇಲ್ಲ, ಅದು ಹಾಲು ಸುರಿಸುವ ಕಣಗಿಲೆಯ ಕುಟುಂಬ.

ರಜೆಯ ದಿನ ಪ್ರಾರ್ಥನೆ ಮುಗಿಸಿ ಗಿರಣಿಯ ಹಿಂದಕ್ಕೆ ಹೋದೆ. ಕಾವಲುಗಾರ, “ಏನಮ್ಮ, ಈ ವಯಸ್ಸಲ್ಲಿ ಎಲೆ ಕದಿಯೋಕೆ ಬಂದ್ರಾ?” ಅಂದ. “ಇಲ್ಲಪ್ಪ, ಕದ್ದದ್ದು ವಾಪಸ್ ಕೊಡೋಕೆ” ಅಂದೆ. ಹುಚ್ಚಿ ಅಂದುಕೊಂಡಿರಬೇಕು, ಒಳಗೆ ಬಿಟ್ಟ. ಮೂರನೇ ಮರದ ಎಲೆ ಮುರಿದೆ. ಹಾಲು ಬೆರಳಿಂದ ಮುಂಗೈಗೆ ಇಳಿಯಿತು. ಅಳಲಿಲ್ಲ. ದೇವರಿಗೂ ಮರಕ್ಕೂ ಒಟ್ಟಿಗೇ ಕೈ ಮುಗಿದೆ. ಅಲ್ಲಿಂದ ನಿಮ್ಮ ಇನ್ನೊಂದು ಚೀಟಿಯ ಮರಕ್ಕೂ ನಡೆದೆ. ಹಾಲಿಲ್ಲ, ಪೊರೆ ಇದೆ.

ಎರಡು ಹಸೀ ಕೊಂಬೆ, ಎರಡು ಹಳೇ ಹಾಳೆ ಮೇಡಂ ಮೇಜಿನ ಮೇಲೆ ಇಟ್ಟು ನಡೆದದ್ದು ಹೇಳಿದೆ. ಭೂತಗನ್ನಡಿ ಹಿಡಿದು ನಾಲ್ಕನ್ನೂ ನೋಡಿದರು. “ಅಕ್ಕ, ಬಾಯಲ್ಲಿ ಹೇಳಿದ್ದನ್ನ ನಾನು ಮರೀತೀನಿ. ಬರ್ದುಕೊಟ್ರೆ ನಿಮ್ಮ ಮೇಲೇ ಬರುತ್ತೆ” ಅಂದರು. “ಮರೀಬೇಡಿ ಮೇಡಂ, ಅದಕ್ಕೇ ಬರ್ದೇ ಕೊಡ್ತೀನಿ” ಅಂದೆ. ಕೊಟ್ಟೆ. ಅವರು ನಿಮ್ಮ ಹಾಳೆಗಳಲ್ಲಿ ಕಣ್ಣು ಮುಚ್ಚಿ ಹತ್ತನ್ನು ಆರಿಸಿ, ಮರದ ಬುಡಕ್ಕೇ ಹೋಗಿ ನೋಡಿ ಬಂದರು. ಒಂದು ಮರ ಕಡಿದುಹೋಗಿದೆ. ಒಂಬತ್ತೂ ನೀವು ಬರೆದ ಹಾಗೇ ಇವೆ, ತೊಗಟೆಯ ಬಣ್ಣದ ಸಮೇತ. “ಇವರು ಸುಳ್ಳು ಬರೆಯೋರಲ್ಲ” ಅಂದರು. ಇನ್ನೂರ ಹನ್ನೆರಡೂ ನಿಮ್ಮ ಹೆಸರಿನಲ್ಲೇ ಅಚ್ಚಾಗುತ್ತವೆ.

ಬುಧವಾರ ನನ್ನ ವಿಚಾರಣೆ. ಅಂಟಿಸುವ ಕೆಲಸದಿಂದ ತೆಗೆಯಬಹುದು, ಮನೆಗೂ ಕಳಿಸಬಹುದು. ಮಗಳಿಗೆ ಹೇಳಿದ್ದೇನೆ. ಮೂರನೇ ದಿನ “ಅಪ್ಪನಿಗೆ ಬರಿ” ಅಂದಳು. ಮನೆಗೆ ಬನ್ನಿ ಎಂದು ಕೇಳುವ ಮುಖ ನನಗಿಲ್ಲ. ಉಳಿದ ಮರಗಳು ಎಲ್ಲೆಲ್ಲಿವೆ ಎಂದು ತೋರಿಸುವವರು ಮೇಡಂಗೆ ಬೇಕಂತೆ. ಅದಕ್ಕೆ ಮಾತ್ರ ಬನ್ನಿ. ತಲೆ ಎತ್ತಿ ಬನ್ನಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ‘ಈ ಸಲ ತಿಳಿಯಿತು’ ಎಂದು ಬರೆದೆನಲ್ಲ, ಅದು ಸುಳ್ಳು. ನಿಮ್ಮ ದೋಟಿ ಕಿತ್ತುಕೊಂಡ ಮೂರನೇ ದಿನವೇ ಆ ಪೊರೆ ನನ್ನ ಕಣ್ಣಿಗೆ ಬಿದ್ದಿತ್ತು. ಮರುವಾರ ನನ್ನ ಕೆಲಸ ಕಾಯಂ ಆಗುವುದಿತ್ತು, ಸುಮ್ಮನಾದೆ. ದೇವರಿಗೆ ದಿನಾ ಹೇಳಿದೆ, ನಿಮಗೆ ಹೇಳಲಿಲ್ಲ. ಮೇಡಂಗೆ ಕೊಟ್ಟ ಕಾಗದದಲ್ಲೂ ಇದೇ ಸುಳ್ಳಿದೆ, ಬುಧವಾರ ಅದನ್ನು ತಿದ್ದುತ್ತೇನೆ. ಆಗ ಧೈರ್ಯ ಸಾಲದೆ ಹಿಂದೆ ಸರಿಯಬಾರದು ಎಂದು ಇದನ್ನು ಇವತ್ತೇ ಅಂಚೆ ಡಬ್ಬಿಗೆ ಹಾಕುತ್ತಿದ್ದೇನೆ.