ನಾಲ್ಕು ಗಂಟೆಯ ಕಾಲಂ

ತಾ. 19, ಬೆಳಿಗ್ಗೆ 9.20

ಬಂದೆ, ಮಿಂದೆ, ತಿಂದೆ. ನಿದ್ದೆ ಮಾತ್ರ ನಾಪತ್ತೆ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡರೂ ಕಿವಿಯಲ್ಲಿ ಐಸಿಯು ಬೀಪ್ ಬೀಪ್. ಮಗಳು ಪುಟ್ಟಿ ಶಾಲೆಗೆ ಹೋಗಿಯಾಗಿದೆ. ಇವತ್ತೂ ನಾನು ಬರುವ ಹತ್ತು ನಿಮಿಷ ಮುಂಚೆ ಹೊರಟುಬಿಟ್ಟಿದ್ದಳು. ಅವಳ ದಿಂಬಿಗೆ ಮುಖವಿಟ್ಟು ತಲೆಯೆಣ್ಣೆಯ ವಾಸನೆ ಮೂಸುತ್ತಿದ್ದೇನೆ. ನಾಚಿಕೆಗೇಡು.

ಹೊಸ ನರ್ಸುಗಳಿಗೆ ಮೊದಲ ಎರಡು ತಿಂಗಳು ಬರೀ ರಾತ್ರಿ. ಆಫ್ ಸಿಕ್ಕ ದಿನವೂ ಗೂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತೇನೆ. ಇನ್ನು ಹನ್ನೆರಡು ರಾತ್ರಿ... ಇನ್‌ಚಾರ್ಜ್ ಸಿಸ್ಟರ್ ಸಹಿ ಹಾಕಿದರೆ ಒಂದನೇ ತಾರೀಖಿನಿಂದ ಡೇ ಶಿಫ್ಟ್.

ತಾ. 22, ಸಂಜೆ 6

ನಾನು ನೋಡಿಕೊಳ್ಳುವ ನಾಲ್ಕನೇ ಬೆಡ್ಡಿನ ಅಜ್ಜನ ಸುದ್ದಿ ಹೇಳುತ್ತಿದ್ದೆ. ಪುಟ್ಟಿ ಕೇಳಿದಳು, "ಆಸ್ಪತ್ರೇಲಿರೋ ಅಜ್ಜಂಗೆ ಅಮ್ಮ ಇಲ್ವಾ?"

"ಅಷ್ಟು ದೊಡ್ಡ ಅಜ್ಜಂಗೆಲ್ಲಿ ಅಮ್ಮ?"

"ನಂಗಿದಾಳಲ್ಲ. ಅವಳ್ಯಾಕೆ ಅಲ್ಲಿಗೆ ಹೋಗ್ಬೇಕು?"

ನಾಲ್ಕು ವರ್ಷದ ವಕೀಲೆ! ಅತ್ತೆ ಒಳಗಿನಿಂದ, "ಹೇಳಮ್ಮ, ಈಗ ಉತ್ತರ ಹೇಳು" ಅಂತ ನಗುತ್ತಿದ್ದರು. ಒಂದನೇ ತಾರೀಖಿನಿಂದ ರಾತ್ರಿ ನಿನ್ನ ಪಕ್ಕದಲ್ಲೇ ಮಲಗ್ತೀನಿ ಅಂತ ಮಾತು ಕೊಟ್ಟೆ. ಕೊಡಬಾರದಿತ್ತೇನೋ. ಕೊಟ್ಟಾಯಿತು.

ತಾ. 28, ಬೆಳಗಿನ ಜಾವ 4.30, ಸ್ಟಾಫ್ ರೂಮ್

ಒಂದು ತಪ್ಪು ಮಾಡಿದೆ. ಬರೆದರೆ ದಾರಿ ಹೊಳೆಯುತ್ತದೇನೋ.

ಮೂರೂಕಾಲಿಗೆ ನಾಲ್ಕನೇ ಬೆಡ್ಡಿನ ಅಜ್ಜನ ಟ್ಯೂಬಿನಿಂದ ಕಫ ತೆಗೆದೆ. ತೆಗೆಯುವ ಮುಂಚೆ ವೆಂಟಿಲೇಟರಿನಲ್ಲಿ ಆಕ್ಸಿಜನ್ ಶೇಕಡಾ ನೂರಕ್ಕೆ ಏರಿಸಬೇಕು, ಮುಗಿದ ಮೇಲೆ ಮತ್ತೆ ನಲವತ್ತಕ್ಕೆ ಇಳಿಸಬೇಕು. ಹೆಚ್ಚು ಹೊತ್ತು ನೂರಿದ್ದರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಏರಿಸಿದೆ. ಇಳಿಸಲಿಲ್ಲ. ಒಂದನೇ ತಾರೀಖು ರಾತ್ರಿ ಪುಟ್ಟಿಗೆ ಯಾವ ಕಥೆ ಹೇಳಲಿ ಅಂತ ಯೋಚಿಸುತ್ತಾ ಕೈ ತೊಳೆಯುತ್ತಿದ್ದೆ. ಹೌದು, ಅದನ್ನೇ.

ಚಾರ್ಟಿನ ನಾಲ್ಕು ಗಂಟೆಯ ಕಾಲಂನಲ್ಲಿ ಯಂತ್ರ ನೋಡದೆ ನಲವತ್ತು ಅಂತ ಬರೆದೂಬಿಟ್ಟೆ. ರಾತ್ರಿಯಿಡೀ ಅದನ್ನೇ ಬರೆದ ಕೈ. ತಲೆಯೆತ್ತಿದರೆ — ನೂರು! ಮುಕ್ಕಾಲು ಗಂಟೆ ಹಾಗೇ ಇತ್ತು. ಮಾನಿಟರಿನಲ್ಲಿ ಎಲ್ಲ ಚಂದ ಕಾಣುತ್ತಿದ್ದರಿಂದ ಯಾರೂ ತಿರುಗಿ ನೋಡಿರಲಿಲ್ಲ.

ಇಳಿಸಿದೆ. ಈಗ ಯಂತ್ರದಲ್ಲೂ ನಲವತ್ತು, ಚಾರ್ಟಿನಲ್ಲೂ ನಲವತ್ತು. ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ಮೂರೇ ರಾತ್ರಿ.

ಅದೇ ದಿನ, ಬೆಳಿಗ್ಗೆ 7.10

ನಲವತ್ತರ ಮೇಲೆ ಒಂದೇ ಗೆರೆ ಎಳೆದೆ, ಅಂಕಿ ಕಾಣುವ ಹಾಗೆ. ಚಾರ್ಟಿನಲ್ಲಿ ಗೀಚಿ ಅಳಿಸುವಂತಿಲ್ಲ. ಪಕ್ಕದಲ್ಲಿ ನೂರು, ಸಮಯ, ಸಹಿ. ಡ್ಯೂಟಿ ಡಾಕ್ಟರನ್ನು ಕರೆದು ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿ, ಅಜ್ಜನಿಗೇನೂ ತೊಂದರೆಯಿಲ್ಲ ಅಂದರು.

ಇನ್‌ಚಾರ್ಜ್ ಸಿಸ್ಟರ್ ಚಾರ್ಟು ನೋಡಿದರು, ನನ್ನನ್ನು ನೋಡಿದರು. "ಮರೆಯೋದು ಯಾರಿಗಾದ್ರೂ ಆಗತ್ತೆ. ನೋಡದೇ ಬರೆದ್ಯಲ್ಲ, ಅದು ಆಗಬಾರ್ದು. ಇನ್ನೊಂದು ತಿಂಗಳು ರಾತ್ರಿ ನನ್ನ ಕಣ್ಣೆದುರಿಗೇ ಇರು."

"ಸಿಸ್ಟರ್, ಮನೇಲಿ ಮಗು..."

"ಗೊತ್ತಮ್ಮ. ನನ್ನ ಮಗನೂ ಹಾಗೇ ಬೆಳೆದಿದ್ದು."

ಸಿಟ್ಟು ಬಂತು. ಅವರ ಮೇಲಲ್ಲ, ನನ್ನ ಮೇಲೇ. ಆಮೇಲೆ ಹೋಗಿ ಅಜ್ಜನ ತುಟಿ ಒದ್ದೆ ಮಾಡಿ ಬಂದೆ.

ತಾ. 1, ಸಂಜೆ 6.50, ಬಸ್ಸಿನಲ್ಲಿ

ಪುಟ್ಟಿಗೆ ಹೇಳುವುದನ್ನು ಮೂರು ದಿನ ಮುಂದೂಡಿದೆ. ಇವತ್ತು ನನ್ನ ಯೂನಿಫಾರಂ ನೋಡಿ ಅವಳೇ ಕೇಳಿದಳು, "ಇವತ್ತೇ ಒಂದನೇ ತಾರೀಖಂತೆ? ಅಜ್ಜಿ ಹೇಳಿದ್ರು."

ಹೇಳಿದೆ. ಇನ್ನೂ ಒಂದು ತಿಂಗಳು ಅಂತ. ರಂಪ ಮಾಡುತ್ತಾಳೆ, ಎತ್ತಿಕೊಂಡು ಸಮಾಧಾನ ಮಾಡೋಣ ಅಂತ ಬ್ಯಾಗು ಕೆಳಗಿಟ್ಟು ಕೂತೆ. ಬಸ್ಸು ತಪ್ಪಿದರೆ ತಪ್ಪಲಿ.

"ಆಯ್ತಮ್ಮ" ಅಂದಳು. ಅಷ್ಟೇ. ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ ತಂದುಕೊಟ್ಟಳು. "ಲೇಟಾಗತ್ತೆ, ಹೋಗು." ಆಮೇಲೆ ಒಳಗೆ ಓಡಿದಳು, "ಅಜ್ಜೀ, ಇವತ್ತೂ ನಿನ್ ಹತ್ರಾನೇ!"

ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಅವಳು ತಿರುಗಿ ಬರಲಿಲ್ಲ.

ಅತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಒಂದೇ ಒಂದು ಸಲ ಕಾಲು ತಬ್ಬಿಕೊಂಡು ಹೋಗಬೇಡ ಅಂದಿದ್ದರೆ, ನಾನು —